ಬೊನ್ನೆವಿಲ್ ಉಪ್ಪಿನ ಬಯಲಿಗೆ ಹೋಗುವ ಮುನ್ನ

ಅಮೆರಿಕದ ಯೂಟಾದಲ್ಲಿರುವ ಬೊನ್ನೆವಿಲ್ ಬಯಲಿಗೆ ಯಾವ ತಿಂಗಳು ಹೋಗುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಚಳಿಗಾಲದಲ್ಲಿ ಉಪ್ಪಿನ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಬೆಟ್ಟಗಳು ಅದರಲ್ಲಿ ಮೂಡಿದ ಫೋಟೊ ಬೇಕಿದ್ದರೆ ಆಗಲೇ ಹೋಗಿ, ಕಾರು ಮಾತ್ರ ಇಳಿಸಬೇಡಿ. ಬೇಸಿಗೆಯಲ್ಲಿ ನೀರು ಆರಿ ನೆಲ ಗಟ್ಟಿಯಾಗುತ್ತದೆ; ವಾಹನಗಳ ವೇಗದ ದಾಖಲೆಗಾಗಿ ಇಲ್ಲಿ ನಡೆಯುವ ಸ್ಪೀಡ್ ವೀಕ್ ರೇಸು ಆಗಸ್ಟ್‌ನಲ್ಲಿರುವುದು ಅದಕ್ಕೇ. ಆದರೂ ನೆಲ ಹದಕ್ಕೆ ಬಾರದೆ 2014, 2015, 2022ರಲ್ಲಿ ರೇಸು ರದ್ದಾಗಿತ್ತು. ಹೊರಡುವ ಹಿಂದಿನ ದಿನವೂ ಒಮ್ಮೆ ವಿಚಾರಿಸಿಕೊಳ್ಳಿ.

ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ಐ-80 ಹೆದ್ದಾರಿ ಹಿಡಿದರೆ ಬಯಲಿನ ಪಕ್ಕದ ಊರು ವೆಂಡೋವರ್‌ಗೆ ಸುಮಾರು 190 ಕಿ.ಮೀ. ಊರಿಗೆ ಸ್ವಲ್ಪ ಮೊದಲು ಸಿಗುವ ಹೆದ್ದಾರಿ ವಿಶ್ರಾಂತಿ ತಾಣದಲ್ಲಿ ಇಳಿದು ಉಪ್ಪಿನ ಮೇಲೆ ನಡೆಯಬಹುದು. ರೇಸಿನ ಜಾಗ ನೋಡಬೇಕಾದರೆ ಎಕ್ಸಿಟ್ 4ರಲ್ಲಿ ಉತ್ತರಕ್ಕೆ ತಿರುಗಿ. ಡಾಂಬರು ರಸ್ತೆ ಉಪ್ಪಿನ ಅಂಚಿನಲ್ಲಿ ಮುಗಿಯುತ್ತದೆ.

ಕಾರು ಹೂತುಹೋಗುವುದು ಹೆಚ್ಚಾಗಿ ಅಂಚಿನಲ್ಲೇ. ನಡುವೆ ಉಪ್ಪಿನ ಪದರ ದಪ್ಪ, ಅಂಚಿಗೆ ಬಂದಂತೆ ಬೆರಳ ದಪ್ಪಕ್ಕಿಂತಲೂ ತೆಳು. ಕೆಳಗಿರುವುದು ಜಿಗುಟು ಕೆಸರು. ಇಳಿದು ಹಿಮ್ಮಡಿಯಿಂದ ಜೋರಾಗಿ ತುಳಿದು ನೋಡಿ. ಹೆಜ್ಜೆಗುರುತಿನಲ್ಲಿ ನೀರು ಜಿನುಗಿದರೆ, ಬೂದು ಮಣ್ಣು ಕಂಡರೆ, ಅಲ್ಲೇ ನಿಲ್ಲಿಸಿ. ಮುಂದೆ ಟೈರಿನ ಗುರುತುಗಳಿವೆ ಎಂದು ನಂಬಬೇಡಿ, ಅವು ಒಣ ದಿನದ್ದಿರಬಹುದು. ಒದ್ದೆ ಉಪ್ಪಿನ ಮೇಲೆ ಓಡಿಸಿದರೆ ಬಯಲೂ ಕೆಡುತ್ತದೆ. 1935ರಲ್ಲಿ ಬ್ರಿಟನ್ನಿನ ರೇಸ್ ಚಾಲಕ ಮಾಲ್ಕಮ್ ಕ್ಯಾಂಪ್‌ಬೆಲ್ ಕಾರಿನಲ್ಲಿ ಗಂಟೆಗೆ 300 ಮೈಲಿ ದಾಟಿದ ನೆಲ ಇದು, ಚಕ್ರದ ಗಾಯ ಮಾಡಿ ಬರಬಾರದು.

ಬಯಲಿನ ಮೇಲೆ ನೀರು, ನೆರಳು, ಪೆಟ್ರೋಲ್ ಯಾವುದೂ ಸಿಗುವುದಿಲ್ಲ. ವೆಂಡೋವರ್‌ನಲ್ಲೇ ಟ್ಯಾಂಕ್ ತುಂಬಿಸಿ, ಇಡೀ ದಿನ ಇರುವುದಾದರೆ ತಲೆಗೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ. ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ: ಗದ್ದದ ಕೆಳಭಾಗಕ್ಕೆ, ಮೂಗಿನ ಹೊಳ್ಳೆಯ ಅಡಿಗೆ ಸನ್‌ಸ್ಕ್ರೀನ್ ಹಚ್ಚುವುದನ್ನು ಮರೆಯುವವರೇ ಜಾಸ್ತಿ. ಕಪ್ಪು ಕನ್ನಡಕ ಬೇಕೇ ಬೇಕು.

ರೇಸಿನ ದಿನ ಟಿಕೆಟ್ ಇರುತ್ತದೆ, ಕಿವಿಗೆ ಪ್ಲಗ್ ಒಯ್ಯಿರಿ. ಓಟದ ಪಥ ದೂರವಿರುವುದರಿಂದ ಬೈನಾಕ್ಯುಲರ್ ಇಲ್ಲದಿದ್ದರೆ ಕಾಣುವುದು ಒಂದು ಚುಕ್ಕೆ ಅಷ್ಟೇ. ನಿಜವಾದ ಖುಷಿ ಪಿಟ್‌ಗಳಲ್ಲಿ, ಅಂದರೆ ತಂಡಗಳು ಗಾಡಿ ಸಿದ್ಧಮಾಡುವ ಜಾಗದಲ್ಲಿದೆ. ತಂಡದವರು ಎಂಜಿನ್ ಬಿಚ್ಚಿ ಜೋಡಿಸುವುದನ್ನು ಹತ್ತಿರದಿಂದಲೇ ನೋಡಬಹುದು.

ವಾಪಸಾಗುವಾಗ ಅದೇ ದಿನ ಕಾರು ತೊಳೆಸಿ. ಚಕ್ರದ ಮೇಲಿನ ಗೂಡುಗಳಲ್ಲಿ, ಬ್ರೇಕಿನ ಹತ್ತಿರ, ತಳದಲ್ಲಿ ಉಪ್ಪು ಗಾರೆಯ ಹಾಗೆ ಮೆತ್ತಿಕೊಂಡಿರುತ್ತದೆ. ಬಿಟ್ಟರೆ ತುಕ್ಕು ಖಚಿತ. ಮೇಲಿನ ಮೈ ತೊಳೆದರೆ ಸಾಲದು, ತಳಕ್ಕೂ ನೀರು ಹೊಡೆಸಿ. ಬಾಡಿಗೆ ಕಾರಾದರೆ ರಸ್ತೆ ಬಿಟ್ಟು ಓಡಿಸಲು ಅನುಮತಿ ಇದೆಯೇ ಎಂದು ಕರಾರನ್ನು ಮೊದಲೇ ಓದಿಕೊಳ್ಳಿ.