ಬಿಸಿಲಿನ ಎಲ್ಕ್ ಬೇಟೆ: ಮೊದಲು ಮಂಜುಗಡ್ಡೆಯ ಲೆಕ್ಕ

ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬಿಲ್ಲುಬೇಟೆ ಸೆಪ್ಟೆಂಬರ್ 2ಕ್ಕೆ ಶುರುವಾಗುತ್ತದೆ. ಆ ವಾರ ಹತ್ತು ಸಾವಿರ ಅಡಿ ಎತ್ತರದಲ್ಲೂ ಮಧ್ಯಾಹ್ನ 25–26 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಎಲ್ಕ್ ಇನ್ನೂ ಬೆದೆಯ ಕೂಗು ಕೂಗುವುದಿಲ್ಲ, ಕೂಗಿದರೂ ನಡುರಾತ್ರಿ, ಅಕಸ್ಮಾತ್ ಹೊಡೆದರೂ ಮಾಂಸ ಕೆಡುತ್ತದೆ, ಸುಮ್ಮನೆ ಮೂರನೆಯ ವಾರಕ್ಕೆ ಕಾಯಿರಿ ಎಂದು ಡೆನ್ವರ್ ಸುತ್ತಲಿನ ನಮ್ಮ ಬೇಟೆಯ ಗೆಳೆಯರೆಲ್ಲ ವರ್ಷವರ್ಷವೂ ಉಪದೇಶ ಮಾಡುತ್ತಿದ್ದರು. ನನಗೆ ಮೂರನೆಯ ವಾರ ರಜೆ ಸಿಗುವುದಿಲ್ಲ. ತ್ರೈಮಾಸಿಕದ ಲೆಕ್ಕ ಮುಗಿಸುವ ಹೊತ್ತದು. ಇಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಕಾರ್ಮಿಕರ ದಿನದ ರಜೆಗೆ ಎರಡು ಮೂರು ದಿನ ಸೇರಿಸಿಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಟ ಹಿಡಿದು ಬಿಸಿಲಲ್ಲೇ ಕಲಿತೆ. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮೊದಲ ವರ್ಷಗಳಲ್ಲಿ ಎಲ್ಲರಂತೆ ಹುಲ್ಲುಗಾವಲಿನ ಅಂಚಿನಲ್ಲಿ ಬೆಳಗಿನ ಕತ್ತಲೆಗೇ ಹೋಗಿ ಕಾದೆ. ಎಲ್ಕ್ ರಾತ್ರಿಯಿಡೀ ಮೇಯ್ದು, ಬಾಣ ಬಿಡಲು ಕಾನೂನು ಒಪ್ಪುವ ಹೊತ್ತಿಗೆ ಮರಗಳೊಳಗೆ ಸೇರಿಕೊಂಡಿರುತ್ತಿತ್ತು. ಸೆಪ್ಟೆಂಬರಿಗೆಲ್ಲ ಅದರ ಮೈಮೇಲೆ ಚಳಿಗಾಲದ ಕೂದಲು ಬರತೊಡಗಿರುತ್ತದೆ, ಬಿಸಿಲಲ್ಲಿ ನಿಲ್ಲಲು ಅದಕ್ಕೇನು ಕರ್ಮ! ಎಲ್ಕ್‌ನಂತೆ ಕೂಗಿ ಅದನ್ನು ಕರೆಯುವ ಕೊಳವೆಗೆ ದುಡ್ಡು ಸುರಿದೆ. ಮಧ್ಯಾಹ್ನ ಊದಿದರೆ ಉತ್ತರ ಕೊಟ್ಟದ್ದು ಇನ್ನೊಬ್ಬ ಬೇಟೆಗಾರ. ಇಬ್ಬರೂ ಒಬ್ಬರನ್ನೊಬ್ಬರು ಅರ್ಧ ಗಂಟೆ ಕರೆದುಕೊಂಡೆವು. ಆಮೇಲೆ ಜನರಿಂದ ದೂರ ಹೋಗಬೇಕೆಂದು ಫ್ಲಾಟ್ ಟಾಪ್ಸ್ ಕಾಡಿನಲ್ಲಿ ಆರೇಳು ಮೈಲಿ ಒಳಗೆ ಡೇರೆ ಹಾಕಿದೆ. ಅಲ್ಲಿ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಮಾಂಸ ಹೊರಲು ಮೊದಲೇ ಮಾತಾಡಿಟ್ಟಿದ್ದ ಕುದುರೆಯವನು ಸಂದೇಶ ಕಳಿಸಿದ ಮಾರನೆಯ ದಿನ ಸಂಜೆ ಬಂದ. ಅಷ್ಟರಲ್ಲಿ ಹಿಂದಿನ ಒಂದು ತೊಡೆಯ ಮೂಳೆಯ ಸುತ್ತ ಹುಳಿವಾಸನೆ ಹೊಡೆಯುತ್ತಿತ್ತು. ಬಾಡಿಗೆ ಮಾತ್ರ ಪೂರ್ತಿ ತೆಗೆದುಕೊಂಡ, ಸುಮಾರು 500 ಡಾಲರ್. ಬೇಟೆಯ ಪರವಾನಗಿ ಚೀಟಿಯಾದ ಟ್ಯಾಗಿಗಾದರೋ ಈ ರಾಜ್ಯದ ನಿವಾಸಿಯಾದ ನಾನು ಕೊಟ್ಟದ್ದು 60 ಚಿಲ್ಲರೆ. ಹೊರರಾಜ್ಯದವರಿಗೆ ಅದೇ ಟ್ಯಾಗ್ 800ರ ಆಸುಪಾಸು. ಅವರ ತೊಡೆ ಹುಳಿಯಾದರೆ ಹೇಗಿರುತ್ತದೆ ಯೋಚಿಸಿ.

ಅಲ್ಲಿಂದಾಚೆ ನನ್ನ ಕ್ರಮ ತಿರುಗುಮುರುಗಾಯಿತು. ಎಲ್ಕ್ ಎಲ್ಲಿದೆ ಎಂದು ಹುಡುಕುವ ಮೊದಲು ಮಾಂಸ ತಣ್ಣಗಿಡಲು ನನ್ನ ಗಾಡಿಯಲ್ಲಿಟ್ಟ ಮಂಜುಗಡ್ಡೆಯಿಂದ ಎಷ್ಟು ದೂರ ನಡೆಯಬಹುದು ಎಂದು ನಕ್ಷೆಯಲ್ಲಿ ಗೆರೆ ಎಳೆಯುತ್ತೇನೆ. ಒಂದೂವರೆ ಮೈಲಿ, ಹೆಚ್ಚೆಂದರೆ ಎರಡು. ಆ ಗೆರೆಯೊಳಗೆ ಉತ್ತರಕ್ಕೆ ಮುಖ ಮಾಡಿದ, ಸ್ಪ್ರೂಸ್ ಮತ್ತು ಫರ್ ಎಂಬ ಸೂಜಿ ಎಲೆಯ ಮರಗಳು ದಟ್ಟವಾಗಿರುವ ಇಳಿಜಾರು ಬೇಕು, ಅದರಲ್ಲಿ ಒಸರು ನೀರು ಬೇಕು. ದೊಡ್ಡ ಕೆರೆ, ಹೊಳೆ ಬೇಡ. ನಕ್ಷೆಯಲ್ಲಿ ಕಾಣದಂಥ, ನಾಲ್ಕು ಹೆಜ್ಜೆ ಅಗಲದ ಕೆಸರುಗುಂಡಿ ಸಾಕು. ಎಲ್ಲರೂ ಕಾಲುದಾರಿ ಹಿಡಿದು ಇಂಥ ಜಾಗದ ಪಕ್ಕದಲ್ಲೇ ಐದು ಮೈಲಿ ಆಚೆಗೆ ನಡೆದುಹೋಗುತ್ತಾರೆ. ಗಂಡು ಎಲ್ಕ್ ಕೆಸರಿನಲ್ಲಿ ಹೊರಳಿ ಮೈ ತಂಪು ಮಾಡಿಕೊಳ್ಳಲು ಮಲಗುವ ಜಾಗದಿಂದ ಹಗಲಲ್ಲೇ ಎದ್ದು ಬರುತ್ತದೆ. ನಮ್ಮ ಕಡವೆಯೂ ಕೆಸರಿನಲ್ಲಿ ಹೊರಳುತ್ತದಲ್ಲ, ಅದೇ ಚಾಳಿ. ನಾನು ಹನ್ನೊಂದಕ್ಕೆ ಕುಳಿತರೆ ಮೂರೂವರೆಯವರೆಗೆ ಏಳುವುದಿಲ್ಲ. ಬೆಳಗ್ಗೆ ಡೇರೆಯಲ್ಲಿ ಆರಾಮಾಗಿ ಕಾಫಿ ಕುಡಿಯುತ್ತೇನೆ, ಗೆಳೆಯರಿಗೆ ಇದೇ ನುಂಗಲಾರದ ತುತ್ತು.

ನಮ್ಮ ವಾಸನೆಯನ್ನು ಎಲ್ಕ್‌ಗೆ ಮುಟ್ಟಿಸುವ ಗಾಳಿಯ ವಿಷಯ ನಿಮಗೆ ಹೇಳಬೇಕಿಲ್ಲ: ಬೆಳಗ್ಗೆ ಬೆಟ್ಟದ ಇಳಿಜಾರಿನಲ್ಲಿ ಕೆಳಕ್ಕೆ ಇಳಿಯುತ್ತದೆ, ಒಂಬತ್ತು ಹತ್ತರ ಹೊತ್ತಿಗೆ ತಬ್ಬಿಬ್ಬಾಗುತ್ತದೆ, ಆಮೇಲೆ ಏರುತ್ತದೆ. ಆದರೆ ಉತ್ತರದ ಇಳಿಜಾರಿನ ನೆರಳಿನಲ್ಲಿ, ಒಸರಿನ ಪಕ್ಕದಲ್ಲಿ, ತಣ್ಣನೆಯ ಗಾಳಿ ನಡುಮಧ್ಯಾಹ್ನವೂ ಕೆಳಕ್ಕೇ ಜಾರುತ್ತಿರುತ್ತದೆ. ಇದನ್ನು ಪುಡಿ ಊದುವ ಬಾಟಲಿ ತೋರಿಸುವುದಿಲ್ಲ, ಪುಡಿ ಎರಡು ಮೊಳ ಹೋಗುವಷ್ಟರಲ್ಲಿ ಮಾಯ. ನಮ್ಮ ಎಕ್ಕದ ಬಳಗಕ್ಕೇ ಸೇರಿದ ಮಿಲ್ಕ್‌ವೀಡ್ ಗಿಡ ಇಲ್ಲಿ ರಸ್ತೆಬದಿಯಲ್ಲೇ ಬೆಳೆಯುತ್ತದೆ. ಅದರ ಕಾಯಿಯ ರೇಷ್ಮೆಯಂಥ ಎಳೆಯನ್ನು ಒಂದೊಂದಾಗಿ ಬಿಟ್ಟು ಕಣ್ಣಿಗೆ ಕಾಣುವವರೆಗೂ ಹಿಂಬಾಲಿಸಿ ನೋಡಿದೆ. ಒಂದೇ ಗುಂಡಿಯ ಸುತ್ತ ಹತ್ತು ಅಡಿ ಅಂತರದಲ್ಲಿ ಗಾಳಿ ಎರಡು ದಿಕ್ಕಿಗೆ ಹೋಗುತ್ತಿತ್ತು. ಆ ಎರಡು ಗಾಳಿಗಳ ನಡುವೆ ನಾನು ಎಲ್ಲಿ, ಯಾವ ಮರಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಬಟ್ಟೆಗೆ ಹತ್ತಿದ ಒಗ್ಗರಣೆಯ ವಾಸನೆ ಹೋಗಲೆಂದು ಸ್ಪ್ರೂಸ್ ಚಿಗುರಿನ ಜೊತೆ ಪೆಟ್ಟಿಗೆಯಲ್ಲಿ ತುಂಬಿಟ್ಟು ನೋಡಿದ್ದೂ ಉಂಟು. ಇಂಗಿಗೂ ಬೆವರಿಗೂ ಎಲ್ಕ್ ಭೇದ ಮಾಡುವುದಿಲ್ಲ. ಗಾಳಿ ಕೆಟ್ಟರೆ ಎಲ್ಲ ಕೆಟ್ಟಿತು.

ಕಳೆದ ಋತುವಿನಲ್ಲಿ ಐದು ಕವಲಿನ ಕೊಂಬಿನ ಗಂಡು ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಬಂತು. ಸದ್ದಿಲ್ಲ, ಕೂಗಿಲ್ಲ. ಗುಂಡಿಗೆ ಇಳಿದು ಮುಂಗಾಲಿನಿಂದ ಕೆಸರು ಕೆದಕುವಾಗ ಇಪ್ಪತ್ತೈದು ಗಜದಿಂದ ಬಾಣ ಬಿಟ್ಟೆ. ಎಂಬತ್ತು ಗಜ ಓಡಿ ಬಿತ್ತು.

ಮಧ್ಯಾಹ್ನ ಹೊಡೆದರೆ ತಂಪಿನ ರಾತ್ರಿ ಬರಲು ಇನ್ನೂ ಆರೇಳು ಗಂಟೆ ಇರುತ್ತದೆ. ಗೆಳೆಯರ ನಿಜವಾದ ಆಕ್ಷೇಪ ಇದೇ, ಅದು ಸುಳ್ಳೂ ಅಲ್ಲ. ನಾನು ಹೊಟ್ಟೆ ಸೀಳುವುದಿಲ್ಲ. ಮೇಲಿನ ಪಕ್ಕದ ಚರ್ಮ ಸುಲಿದು, ಹಿಂದಿನ ತೊಡೆಯನ್ನೇ ಮೊದಲು ಬಿಡಿಸಿ, ಕೀಲಿನಿಂದ ಮೂಳೆಯ ಉದ್ದಕ್ಕೂ ಚಾಕು ಹಾಕಿ ತೆರೆಯುತ್ತೇನೆ, ಬಿಸಿ ಕೂತಿರುವುದು ಅಲ್ಲೇ. ಹೊಡೆದದ್ದು ಗಂಡೋ ಹೆಣ್ಣೋ ಎಂದು ತೋರಿಸುವ ಲಿಂಗದ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಆತುರದಲ್ಲಿ ಮರೆತರೆ ದಂಡ. ನಾಲ್ಕು ಕಾಲುಗಳನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತೊರೆಯ ನೀರಿನಲ್ಲಿ ಮುಕ್ಕಾಲು ಗಂಟೆ ಮುಳುಗಿಸುತ್ತೇನೆ. ನೀರು ಮಾಂಸಕ್ಕೆ ತಾಗಬಾರದು. ಆಮೇಲೆ ತೆಗೆದು, ಬಟ್ಟೆ ಚೀಲಕ್ಕೆ ಬದಲಿಸಿ, ನೆರಳಿನಲ್ಲಿ ಗಾಳಿಗೆ ತೂಗುಹಾಕುವುದು. ಹಿಂದಿನ ತೊಡೆ ಎರಡು ಮೊದಲ ಹೊರೆಯಲ್ಲೇ ಹೊರಡುತ್ತವೆ, ಮುಂಗಾಲು ಕಾಯಬಹುದು. ರಾತ್ರಿ ಹತ್ತರೊಳಗೆ ಎಲ್ಲವೂ ಗಾಡಿಯಲ್ಲಿತ್ತು. ಮೊಣಕಾಲಿನ ಕಥೆ ಬೇಡ.

ಚೀಲದಲ್ಲಿ ಮಾರುವ ಮಂಜುಗಡ್ಡೆಗೆ ದುಡ್ಡು ಸುರಿಯಬೇಡಿ, ಕರಗಿ ಮಾಂಸವನ್ನು ನೆನೆಸುತ್ತದೆ. ಹಾಲಿನ ಗ್ಯಾಲನ್ ಡಬ್ಬಗಳಲ್ಲಿ ನೀರು ತುಂಬಿ ಮನೆಯ ಫ್ರೀಜರಿನಲ್ಲಿ ವಾರ ಮೊದಲೇ ಗಟ್ಟಿ ಮಾಡುತ್ತೇನೆ. ಅವನ್ನಿಟ್ಟ ಶೀತಪೆಟ್ಟಿಗೆಯ (ಕೂಲರ್) ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ಹಳೆಯ ರಜಾಯಿ ಹೊದಿಸಿದರೆ ನಾಲ್ಕು ದಿನ ನಿಲ್ಲುತ್ತದೆ. ನೂರಿನ್ನೂರು ಡಾಲರಿನ ಸಾಮಾನ್ಯ ಪೆಟ್ಟಿಗೆಯೇ ಸಾಕು.

ನೊಣಕ್ಕೆ ಎಲ್ಲರೂ ನಿಂಬೆಹುಳಿಯ ಪುಡಿ ಕಲಸಿದ ನೀರು ಚಿಮುಕಿಸುತ್ತಾರೆ. ಮಡಿಕೇರಿಯಿಂದ ಅಕ್ಕ ಕಳಿಸಿದ ಕಾಚಂಪುಳಿ ಮನೆಯಲ್ಲಿತ್ತು, ಅದೂ ಹುಳಿಯೇ ತಾನೇ ಎಂದು ಒಂದು ಮುಂಗಾಲಿಗೆ ತೆಳುವಾಗಿ ಸವರಿದೆ. ನೊಣ ಕಡಿಮೆ ಕೂತಿತು ಎಂದೇ ನನ್ನ ಅಂದಾಜು. ಬಟ್ಟೆ ಚೀಲ ಮಾತ್ರ ಕೀಲೆಣ್ಣೆ ಒರೆಸಿದಂತಾಯಿತು, ಮಾಂಸದ ಮೇಲ್ಪದರ ಕಪ್ಪಗಾಗಿ ಹೆಂಡತಿ ಅದನ್ನು ಅನುಮಾನದಿಂದಲೇ ನೋಡಿದಳು. ಆ ಕಾಲನ್ನೇ ಕಾಳುಮೆಣಸು ಹಾಕಿ ಹುರಿದಾಗ ಎರಡನೆಯ ಸಲ ಬಡಿಸಿಕೊಂಡವಳೂ ಅವಳೇ.

ಮೂಳೆ ತೆಗೆದು ತೂಗಿದಾಗ 85–90 ಕಿಲೊ ಬಂತು. ಕತ್ತರಿಸಿ ಪೊಟ್ಟಣ ಕಟ್ಟಲು ಅಂಗಡಿಯವರು 300ರ ಮೇಲೆ ಹೇಳಿದರು. ಊಟದ ಮೇಜಿನ ಮೇಲೆ ನಾನೇ ಎರಡು ರಾತ್ರಿ ಕುಳಿತು ಮುಗಿಸಿದೆ. ಪೆಟ್ರೋಲು, ಟ್ಯಾಗು, ಚೀಲ ಎಲ್ಲ ಸೇರಿ ಆ ವರ್ಷದ ಖರ್ಚು 350 ಡಾಲರ್ ದಾಟಲಿಲ್ಲ. ಬಿಲ್ಲಿನ ಬೆಲೆಯನ್ನು ಈ ಲೆಕ್ಕಕ್ಕೆ ಸೇರಿಸಬೇಕೆಂದು ಹೆಂಡತಿಯ ವಾದ.