ಪಿಎಂ ಕಿಸಾನ್ ಕಂತು ಬಂದಿಲ್ಲವೇ? ಗಂಟು ಎಲ್ಲಿದೆ ನೋಡಿ

ಊರಲ್ಲಿ ಎಲ್ಲರ ಮೊಬೈಲಿಗೂ ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್‌ನ 2,000 ರೂಪಾಯಿ ಜಮೆಯಾದ ಮೆಸೇಜು ಬಂದಿದೆ, ನಿಮಗೆ ಮಾತ್ರ ಇಲ್ಲ. ಆಗ ಬಹಳ ಮಂದಿ ಪಾಸ್‌ಬುಕ್ ಹಿಡಿದು ಓಡುವುದು ಬ್ಯಾಂಕಿಗೆ. ‘ನಮಗೆ ಬಂದಿಲ್ಲ’ ಎಂಬುದಕ್ಕಿಂತ ಹೆಚ್ಚು ಅಲ್ಲಿ ತಿಳಿಯುವುದಿಲ್ಲ. ಬ್ಯಾಂಕಿಗೆ ಕೊನೆಗೆ ಹೋಗಿ.

ಮೊದಲು ಪಿಎಂ ಕಿಸಾನ್ ಪೋರ್ಟಲ್‌ನಲ್ಲಿ ‘ನೋ ಯುವರ್ ಸ್ಟೇಟಸ್’ ಒತ್ತಿ, ನೋಂದಣಿ ಸಂಖ್ಯೆ ಹಾಕಿ. ಸಂಖ್ಯೆ ಮರೆತಿದ್ದರೆ ಆಧಾರ್ ಅಥವಾ ಮೊಬೈಲ್ ನಂಬರಿನಿಂದ ಅಲ್ಲೇ ಸಿಗುತ್ತದೆ. ತೆರೆಯುವ ಪುಟದಲ್ಲಿ ಮೂರು ಸಾಲು ಮುಖ್ಯ: ಜಮೀನು ಜೋಡಣೆ, ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು), ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಯಾವುದರ ಮುಂದೆ ‘ನೋ’ ಇದೆಯೋ ಗಂಟು ಅಲ್ಲಿದೆ.

ಇ-ಕೆವೈಸಿ ಸುಲಭ. ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ ಒಟಿಪಿ ಸಾಕು, ಇಲ್ಲದಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು. ಮಣ್ಣಿನ ಕೆಲಸದಲ್ಲಿ ಬೆರಳು ಸವೆದ ಹಿರಿಯರಿಗೆ ಯಂತ್ರ ಸ್ಪಂದಿಸುವುದೇ ಇಲ್ಲ; ಅಂಥವರು 2023ರಿಂದ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಮುಗಿಸಬಹುದು.

ಆಧಾರ್ ಜೋಡಣೆಯಲ್ಲಿ ಒಂದು ಸೂಕ್ಷ್ಮ ಇದೆ. ‘ಖಾತೆಗೆ ಆಧಾರ್ ಕೊಟ್ಟಿದ್ದೇನೆ’ ಎಂದರೆ ಸಾಲದು, ಆ ಖಾತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂಬುದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ದಾಖಲಾಗಿರಬೇಕು. ಕೊನೆಯದಾಗಿ ಯಾವ ಖಾತೆ ಮ್ಯಾಪ್ ಆಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ನಮ್ಮ ದೊಡ್ಡಪ್ಪ ಎರಡು ಕಂತು ಬರಲಿಲ್ಲವೆಂದು ಬೈದುಕೊಂಡು ತಿರುಗಿದ್ದರು. ಹಣ ಅವರಿಗೇ ನೆನಪಿಲ್ಲದ ಹಳೇ ಖಾತೆಯೊಂದರಲ್ಲಿ ತಣ್ಣಗೆ ಕೂತಿತ್ತು. ಯಾವ ಬ್ಯಾಂಕು ಎಂಬುದನ್ನು ಆಧಾರ್ ಜಾಲತಾಣದಲ್ಲಿ ನೋಡಿಕೊಂಡು, ಬದಲಿಸಬೇಕಿದ್ದರೆ ಆಗ ನಿಮ್ಮ ಶಾಖೆಗೆ ಹೋಗಿ.

ಹೆಚ್ಚು ಓಡಾಡಿಸುವುದು ಜಮೀನಿನ ಸಾಲು. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇದ್ದರೆ, ನೀವೇ ಉಳುತ್ತಿದ್ದರೂ ಕಂಪ್ಯೂಟರಿಗೆ ನೀವು ರೈತರಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಆಧಾರ್ ಹಿಡಿದು ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿ. ಅಣ್ಣತಮ್ಮಂದಿರ ಸಹಿ ಬೇಕಾದೀತು, ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಮುಗಿಸಿಕೊಳ್ಳುವುದು ಜಾಣತನ. ಪಹಣಿ ನಿಮ್ಮ ಹೆಸರಿಗೆ ಬಂದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶದ ನಿಮ್ಮ ಎಫ್‌ಐಡಿಗೆ (ರೈತ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿಸಿ. ಒಂದನ್ನೂ ಬಿಡಬೇಡಿ, ಬೆಳೆಹಾನಿ ಪರಿಹಾರಕ್ಕೂ ಇದೇ ಎಫ್‌ಐಡಿ ಬೇಕು.

ಒಂದು ಗಡಿ ನೆನಪಿರಲಿ. 2019ರ ಫೆಬ್ರುವರಿ 1ರ ನಂತರ ಕೊಂಡ ಜಮೀನಿಗೆ ಈ ಹಣವಿಲ್ಲ. ಹಿರಿಯರು ತೀರಿಕೊಂಡು ವಾರಸುದಾರಿಕೆಯಿಂದ ಬಂದಿದ್ದಕ್ಕೆ ಉಂಟು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ, ಹಣ ಅವರಲ್ಲಿ ಒಬ್ಬರಿಗೆ ಮಾತ್ರ. ಆದಾಯ ತೆರಿಗೆ ಕಟ್ಟುವವರಿಗೆ, ‘ಡಿ’ ದರ್ಜೆಯವರನ್ನು ಬಿಟ್ಟು ಉಳಿದ ಸರ್ಕಾರಿ ನೌಕರರಿಗೆ ಸಿಗದು. ರಾಜ್ಯ ಸರ್ಕಾರ ಮೊದಲು ಇದರ ಜೊತೆ ಕೊಡುತ್ತಿದ್ದ ವರ್ಷದ 4,000 ರೂಪಾಯಿ ನಿಂತಿದೆ, ಅದಕ್ಕೆ ಕಾಯಬೇಡಿ.

ಮೂರೂ ಸಾಲು ‘ಯೆಸ್’ ಇದ್ದೂ ಹಣವಿಲ್ಲದಿದ್ದರೆ ಪಿಎಂ ಕಿಸಾನ್ ಸಹಾಯವಾಣಿ 155261ಕ್ಕೆ ಕರೆ ಮಾಡಿ, ಜೊತೆಗೆ ಹೋಬಳಿ ಕೃಷಿ ಅಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಂಟು ಬಿಚ್ಚಿದ ಮೇಲೆ, ಅರ್ಹರಿಗೆ ತಡೆದಿಟ್ಟ ಹಿಂದಿನ ಕಂತುಗಳೂ ಸೇರಿ ಬರುತ್ತವೆ.