ಎಂಆರ್‌ಪಿ ಇಲ್ಲದ ದೇಶದಲ್ಲಿ ಮನೆ ಸಾಮಾನು: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕದ ಅಂಗಡಿಯಲ್ಲಿ ಒಂದು ಸೋಪಿನ ಪ್ಯಾಕೆಟ್ ಎತ್ತಿ ತಿರುಗಿಸಿ ನೋಡಿ. ತೂಕ ಇದೆ, ಒಳಗೆ ಏನೇನು ಹಾಕಿದ್ದಾರೆ ಅಂತ ಇದೆ, ಬೆಲೆ ಮಾತ್ರ ಇಲ್ಲ. ಇಲ್ಲಿ ಎಂಆರ್‌ಪಿ ಎನ್ನುವ ಏರ್ಪಾಡೇ ಇಲ್ಲ. ನಮ್ಮೂರಿನಲ್ಲಿ ಮೂಲೆ ಅಂಗಡಿಗೆ ಹೋದರೂ ಅಷ್ಟೇ, ದೊಡ್ಡ ಮಾಲ್‌ಗೆ ಹೋದರೂ ಅಷ್ಟೇ, ಪ್ಯಾಕೆಟ್ ಮೇಲೆ ಅಚ್ಚಾದ ಬೆಲೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಇಲ್ಲಿ ಅಂಗಡಿಯವರು ಹಾಕಿದ್ದೇ ಬೆಲೆ. ಒಂದೇ ಟೂತ್‌ಪೇಸ್ಟ್ ಒಂದೇ ರಸ್ತೆಯ ಮೂರು ಅಂಗಡಿಗಳಲ್ಲಿ ಮೂರು ಬೆಲೆಗೆ ಸಿಗಬಹುದು. ಅದೇ ಅಂಗಡಿಯಲ್ಲಿ ಮೆಂಬರ್ ಆದವರಿಗೆ ಒಂದು ಬೆಲೆ, ಆಗದವರಿಗೆ ಇನ್ನೊಂದು. ಕೂಪನ್ ಇದ್ದವರಿಗೆ ಮತ್ತೂ ಒಂದು.

ಇದರಲ್ಲಿ ಮೋಸ ಏನೂ ಇಲ್ಲ, ಇಲ್ಲಿನ ವ್ಯಾಪಾರದ ರೀತಿಯೇ ಹೀಗೆ. ಪುರುಸೊತ್ತಿಲ್ಲದವರಿಂದ ಪೂರ್ತಿ ಬೆಲೆ ತೆಗೆದುಕೊಳ್ಳುತ್ತಾರೆ, ಹುಡುಕಿಕೊಂಡು ಬರುವವರಿಗೆ ಇಳಿಸಿ ಕೊಡುತ್ತಾರೆ. ಊರಿನಲ್ಲಿ ಚೌಕಾಸಿ ಬಾಯಲ್ಲಿ ನಡೆಯುತ್ತದೆ, ಇಲ್ಲಿ ಆ್ಯಪ್‌ನಲ್ಲಿ ನಡೆಯುತ್ತದೆ.

ಆದರೆ ಹೊಸಬರಿಗೆ ಯಾರೂ ಹೇಳದ ಒಂದು ವಿಷಯ ಇದೆ. ನಮ್ಮ ಅಡುಗೆಮನೆಗೆ ಕೂಪನ್ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಕೂಪನ್ ಕೊಡುವವರು ಬ್ರಾಂಡ್ ಕಂಪನಿಗಳು: ಡಬ್ಬಿಯ ಸೀರಿಯಲ್, ಫ್ರೋಜನ್ ಪಿಜ್ಜಾ, ಡಿಟರ್ಜೆಂಟ್, ಶಾಂಪೂ, ಡೈಪರ್ ಮಾಡುವವರು. ತೊಗರಿಬೇಳೆಗೆ, ಹುರುಳಿಕಾಯಿಗೆ, ರಾಗಿಹಿಟ್ಟಿಗೆ ಕೂಪನ್ ಎಲ್ಲಿಂದ ಬರಬೇಕು? ಹಾಗಾಗಿ ಬೇಳೆ, ಅಕ್ಕಿ, ತರಕಾರಿಯಲ್ಲಿ ದುಡ್ಡು ಉಳಿಯುವುದು ಸರಿಯಾದ ಅಂಗಡಿಗೆ ಹೋಗುವುದರಿಂದ. ಬಚ್ಚಲುಮನೆ ಸಾಮಾನು, ಮಗುವಿನ ಸಾಮಾನಿನಲ್ಲಿ ಕೂಪನ್‌ನಿಂದ. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ತಲೆನೋವು ಕಮ್ಮಿ.

ಮೊದಲು ಶೆಲ್ಫಿನ ಚೀಟಿ ಓದುವುದು

ಬೆಲೆಚೀಟಿಯಲ್ಲಿ ದೊಡ್ಡ ಅಕ್ಷರದ ಬೆಲೆಯ ಪಕ್ಕ ಸಣ್ಣದಾಗಿ ಇನ್ನೊಂದು ಅಂಕಿ ಇರುತ್ತದೆ. ಅದು ಯೂನಿಟ್ ಪ್ರೈಸ್, ಅಂದರೆ ಒಂದು ಔನ್ಸಿಗೋ ಒಂದು ಪೌಂಡಿಗೋ ಎಷ್ಟು ಅನ್ನುವುದು. ನೋಡಬೇಕಾದ್ದು ಇದನ್ನು. 16 ಔನ್ಸ್ ಸೇರಿದರೆ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ. 20 ಪೌಂಡಿನ ಅಕ್ಕಿ ಚೀಲ ಅಂದರೆ 9 ಕೆಜಿ. ಒಂದು ಗ್ಯಾಲನ್ ಹಾಲು ಹತ್ತಿರ ಹತ್ತಿರ 3.8 ಲೀಟರ್. ಒಂದು ಬ್ರಾಂಡಿಗೆ ಔನ್ಸ್ ಲೆಕ್ಕ, ಪಕ್ಕದ ಬ್ರಾಂಡಿಗೆ ಪೌಂಡ್ ಲೆಕ್ಕ ಹಾಕಿರುವುದೂ ಉಂಟು, ಆಗ ಫೋನ್ ತೆಗೆದು ಭಾಗಿಸಿ ನೋಡಿ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತ ನಂಬಬೇಡಿ. ಚಿಕ್ಕದು ಸೇಲ್‌ನಲ್ಲಿ ಇದ್ದ ವಾರ ಲೆಕ್ಕ ತಿರುಗಿಬಿಡುತ್ತದೆ.

ಚೀಟಿಯ ಬೆಲೆಯಲ್ಲಿ ಟ್ಯಾಕ್ಸ್ ಸೇರಿರುವುದಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್‌ನಂಥ ಬಹಳ ರಾಜ್ಯಗಳಲ್ಲಿ ಅಡುಗೆ ಸಾಮಾನಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಸೋಪು, ಟಿಶ್ಯೂಗೆ ಇದೆ. ಆರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್, ಅಲಾಸ್ಕಾದಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸೇ ಇಲ್ಲ. ಬಿಲ್ಲಿನಲ್ಲಿ ನೀರಿನ ಬಾಟಲಿಗೆ, ಸೋಡಾ ಕ್ಯಾನಿಗೆ ಐದು ಅಥವಾ ಹತ್ತು ಸೆಂಟ್ ಬೇರೆಯಾಗಿ ಬಿದ್ದಿದ್ದರೆ ಅದು ಟ್ಯಾಕ್ಸ್ ಅಲ್ಲ, ಡೆಪಾಸಿಟ್. ಖಾಲಿ ಬಾಟಲಿ ತಿರುಗಿ ಕೊಟ್ಟರೆ ವಾಪಸ್ ಸಿಗುತ್ತದೆ. ಮಿಷಿಗನ್‌ನಲ್ಲಿ ಹತ್ತು ಸೆಂಟ್, ನ್ಯೂಯಾರ್ಕ್‌ನಲ್ಲಿ ಐದು.

ಯಾವ ಅಂಗಡಿಗೆ ಯಾವುದಕ್ಕೆ

ದಿನಬಳಕೆಯ ಹಾಲು, ಮೊಟ್ಟೆ, ಬೆಣ್ಣೆ, ಬ್ರೆಡ್, ಹಣ್ಣಿಗೆ ಆಲ್ಡಿ. ಇದು ಜರ್ಮನಿ ಮೂಲದ ಅಂಗಡಿ, ಅಮೆರಿಕಕ್ಕೆ ಬಂದದ್ದು 1976ರಲ್ಲಿ. ಬಾಗಿಲಲ್ಲಿ ಗಾಡಿಗಳನ್ನು ಸರಪಳಿ ಹಾಕಿ ಕಟ್ಟಿರುತ್ತಾರೆ. ಒಂದು ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ ತೂರಿಸಿದರೆ ಗಾಡಿ ಬಿಡುತ್ತದೆ, ತಿರುಗಿ ತಂದು ಸಿಕ್ಕಿಸಿದರೆ ನಾಣ್ಯ ವಾಪಸ್. ಗಾಡಿ ಎತ್ತಿಡಲು ಆಳು ಬೇಡ. ಸಾಮಾನನ್ನು ಪೆಟ್ಟಿಗೆ ಸಮೇತ ಜೋಡಿಸಿರುತ್ತಾರೆ. ಕ್ಯಾಷಿಯರ್ ಕುಳಿತೇ ಬಿಲ್ ಮಾಡಿ ಸಾಮಾನನ್ನು ಗಾಡಿಗೆ ಹಾಕಿಬಿಡುತ್ತಾರೆ, ಚೀಲಕ್ಕೆ ತುಂಬಿಕೊಳ್ಳುವುದು ನಿಮ್ಮ ಕೆಲಸ. ಚೀಲ ಮನೆಯಿಂದಲೇ ತನ್ನಿ. ಬಹುಪಾಲು ಅವರದೇ ಬ್ರಾಂಡ್, ಕಂಪನಿ ಕೂಪನ್ ನಡೆಯುವುದಿಲ್ಲ. ಬೇಕಾಗಿಯೂ ಇಲ್ಲ ಅನ್ನಿ, ಬೆಲೆಯೇ ಹಾಗಿದೆ.

ಕಾಸ್ಟ್‌ಕೋ ಇನ್ನೊಂದು ತರಹ, ಸದಸ್ಯರಿಗೆ ಮಾತ್ರ ದೊಡ್ಡ ದೊಡ್ಡ ಪ್ಯಾಕ್‌ಗಳಲ್ಲಿ ಮಾರುವ ಅಂಗಡಿ. 2024ರ ಸೆಪ್ಟೆಂಬರ್‌ನಿಂದ ವರ್ಷದ ಸದಸ್ಯತ್ವ 65 ಡಾಲರ್, ಎಕ್ಸಿಕ್ಯೂಟಿವ್ ಆದರೆ 130. ಎಕ್ಸಿಕ್ಯೂಟಿವ್‌ನವರಿಗೆ ಖರೀದಿಯ ಮೇಲೆ 2 ಶೇಕಡಾ ವಾಪಸ್ ಬರುತ್ತದೆ. ಅಂದರೆ ಜಾಸ್ತಿ ಕೊಟ್ಟ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್ ಖರೀದಿ ಮಾಡಬೇಕು. ಇಬ್ಬರೇ ಇರುವ ಮನೆಗೆ ಸಾಮಾನ್ಯ ಕಾರ್ಡ್ ಸಾಕು. ಒಂದೇ ವಿಳಾಸದಲ್ಲಿರುವ ಇನ್ನೊಬ್ಬರಿಗೂ ಕಾರ್ಡ್ ಉಚಿತ. ಕ್ರೆಡಿಟ್ ಕಾರ್ಡ್ ಆದರೆ ವೀಸಾ ಮಾತ್ರ ನಡೆಯುತ್ತದೆ. ಮಾಸ್ಟರ್‌ಕಾರ್ಡ್ ಒಂದನ್ನೇ ಹಿಡಿದು ಹೋಗಿ ಕೌಂಟರಿನಲ್ಲಿ ಪೇಚಾಡುವವರು ಪ್ರತಿ ವಾರವೂ ಕಾಣಸಿಗುತ್ತಾರೆ. ನೀವು ಕೊಂಡ ಸಾಮಾನು 30 ದಿನದೊಳಗೆ ಸೇಲ್‌ಗೆ ಬಂದರೆ ಬಿಲ್ ತೋರಿಸಿ ವ್ಯತ್ಯಾಸ ವಾಪಸ್ ಕೇಳಬಹುದು, ಕೊಡುತ್ತಾರೆ.

ಕಾಸ್ಟ್‌ಕೋದಲ್ಲಿ ನಮಗೆ ನಿಜಕ್ಕೂ ಲಾಭದ ಸಾಮಾನು ಅಂದರೆ ಉಪ್ಪು ಹಾಕದ ಬೆಣ್ಣೆ, ಬಾದಾಮಿ, ಗೋಡಂಬಿ, ಎಣ್ಣೆ. ಮನೆಯಲ್ಲೇ ಬೆಣ್ಣೆ ಕಾಯಿಸಿ ತುಪ್ಪ ಮಾಡಿಕೊಂಡರೆ ಬಾಟಲಿ ತುಪ್ಪದ ಮುಖ ನೋಡಬೇಕಾಗಿಲ್ಲ. ಇನ್ನೊಂದು ಗುಟ್ಟು: ನವೆಂಬರ್, ಡಿಸೆಂಬರ್‌ನಲ್ಲಿ ಇಲ್ಲಿನವರು ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್ ಅಂತ ಕೇಕು, ಪೈ ಬೇಯಿಸುವ ಕಾಲ. ಆಗ ಮಾಮೂಲಿ ಸೂಪರ್‌ಮಾರ್ಕೆಟ್‌ಗಳೂ ಜನರನ್ನು ಸೆಳೆಯಲು ಬೆಣ್ಣೆ, ಸಕ್ಕರೆ, ಮೈದಾ ಬೆಲೆ ಚೆನ್ನಾಗಿ ಇಳಿಸುತ್ತವೆ. ಬೆಣ್ಣೆ ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಆಗ ತುಂಬಿಟ್ಟುಕೊಂಡರೆ ಯುಗಾದಿ ಒಬ್ಬಟ್ಟಿನವರೆಗೂ ಚಿಂತೆ ಇಲ್ಲ.

ಬೇಳೆ, ಅಕ್ಕಿ, ಮಸಾಲೆಗೆ ಇಂಡಿಯನ್ ಸ್ಟೋರ್ ಬಿಟ್ಟರೆ ಇಲ್ಲ. ಅಮೆರಿಕನ್ ಸೂಪರ್‌ಮಾರ್ಕೆಟ್‌ನಲ್ಲಿ ಬೆರಳುದ್ದದ ಶೀಶೆಯಲ್ಲಿ ಜೀರಿಗೆ ಮಾರುವ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. 1974ರಲ್ಲಿ ಷಿಕಾಗೋದ ಡೆವನ್ ಅವೆನ್ಯೂದಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಈಗ ಹಲವು ರಾಜ್ಯಗಳಲ್ಲಿದೆ, ಅದಲ್ಲದೆ ಊರಿಗೆ ಒಂದೆರಡು ಸಣ್ಣ ಅಂಗಡಿಗಳಿವೆ. ನಿಮ್ಮೂರಿನ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸೋನಾ ಮಸೂರಿ ಎಲ್ಲಿ ಅಗ್ಗ ಅನ್ನುವುದು ನಿಮಿಷದಲ್ಲಿ ಗೊತ್ತಾಗುತ್ತದೆ. ಪಶ್ಚಿಮದ ಕಡೆ ಮತ್ತು ಡಲ್ಲಾಸ್ ಸುತ್ತ ಇರುವವರು ವಿನ್‌ಕೋ ಅನ್ನುವ ಅಂಗಡಿಯನ್ನೂ ನೋಡಿ. ದೊಡ್ಡ ಡಬ್ಬಗಳಿಂದ ಕಾಳು, ಓಟ್ಸ್, ಮಸಾಲೆಯನ್ನು ಬೇಕಾದಷ್ಟೇ ತೆಗೆದು ತೂಗಿಸಿಕೊಳ್ಳಬಹುದು. ಅಲ್ಲಿ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಡೆಬಿಟ್ ಅಥವಾ ನಗದು ಇರಲಿ.

ತರಕಾರಿಗೆ ನನ್ನ ಓಟು ಮೆಕ್ಸಿಕನ್ ಅಂಗಡಿಗೆ. ನಮ್ಮವರು ಇದನ್ನು ಯಾಕೆ ಬಿಟ್ಟುಬಿಡುತ್ತಾರೋ ಗೊತ್ತಿಲ್ಲ. ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು, ಪಪ್ಪಾಯಿ, ಹುಣಸೆಹಣ್ಣು, ತೆಂಗಿನಕಾಯಿ ಎಲ್ಲ ಅವರ ಅಡುಗೆಗೂ ಬೇಕು, ಹಾಗಾಗಿ ರಾಶಿ ರಾಶಿ ಬರುತ್ತದೆ, ಬೆಲೆಯೂ ಕಮ್ಮಿ. ಚಾಯೋಟೆ ಅಂತ ಬರೆದಿರುವುದು ನಮ್ಮ ಸೀಮೆಬದನೆಕಾಯಿ. ಸೆರಾನೋ ಮೆಣಸಿನಕಾಯಿ ಒಗ್ಗರಣೆಗೆ ಚೆನ್ನಾಗಿ ಹೊಂದುತ್ತದೆ. ಪಿಲೋನ್ಸಿಯೋ ಅನ್ನುವ ಕಂದು ಅಚ್ಚು ಬೆಲ್ಲವೇ. ಕಾಯಿಹೋಳಿಗೆಗೆ ಹಾಕಿ ನೋಡಿ, ಯಾರೂ ಕಂಡುಹಿಡಿಯುವುದಿಲ್ಲ.

ಡಾಲರ್ ಟ್ರೀ ಬಗ್ಗೆ ಎರಡು ಮಾತು. 2021ರ ಕೊನೆಯವರೆಗೂ ಅಲ್ಲಿ ಹೆಚ್ಚುಕಮ್ಮಿ ಎಲ್ಲವೂ ಒಂದು ಡಾಲರ್. ಆಮೇಲೆ 1.25 ಆಯಿತು, ಈಗ ಅದಕ್ಕಿಂತ ಜಾಸ್ತಿ ಬೆಲೆಯ ಸಾಮಾನೂ ಇದೆ. ಗ್ರೀಟಿಂಗ್ ಕಾರ್ಡ್, ಗಿಫ್ಟ್ ಚೀಲ, ಹುಟ್ಟುಹಬ್ಬದ ಬಲೂನು, ಗಾಜಿನ ಬಟ್ಟಲು, ಗೌರಿ ಹಬ್ಬಕ್ಕೆ ತಾಂಬೂಲದ ಜೊತೆ ಕೊಡುವ ಸಣ್ಣಪುಟ್ಟ ಉಡುಗೊರೆ ಇವಕ್ಕೆಲ್ಲ ಒಳ್ಳೆಯದು. ಡಿಟರ್ಜೆಂಟ್, ಫಾಯಿಲ್ ತೆಗೆದುಕೊಳ್ಳುವ ಮುಂಚೆ ಯೂನಿಟ್ ಪ್ರೈಸ್ ನೋಡಿ. ಡಬ್ಬಿ ಚಿಕ್ಕದು, ಔನ್ಸ್ ಲೆಕ್ಕದಲ್ಲಿ ವಾಲ್‌ಮಾರ್ಟ್‌ಗಿಂತ ದುಬಾರಿಯೇ ಆಗಬಹುದು. ಡಾಲರ್ ಜನರಲ್ ಅನ್ನುವುದು ಹೆಸರಿಗಷ್ಟೇ ಡಾಲರ್, ಅಲ್ಲಿ ಒಂದೊಂದಕ್ಕೂ ಬೇರೆ ಬೆಲೆ.

ಕೂಪನ್ ಹೇಗೆ ಕೆಲಸ ಮಾಡುತ್ತದೆ

ಕೂಪನ್ ಎರಡು ತರಹ. ಮ್ಯಾನುಫ್ಯಾಕ್ಚರರ್ ಕೂಪನ್ ಅಂತ ಬರೆದಿದ್ದರೆ ಅದನ್ನು ಕೊಟ್ಟದ್ದು ಸಾಮಾನು ಮಾಡಿದ ಕಂಪನಿ. ಅಂಗಡಿಯವರು ಅದನ್ನು ಕಂಪನಿಗೆ ಕಳಿಸಿ ದುಡ್ಡು ತರಿಸಿಕೊಳ್ಳುತ್ತಾರೆ, ಮೇಲೆ ನಿರ್ವಹಣೆಗೆ ಅಂತ ಕೆಲವು ಸೆಂಟ್ ಸಿಗುತ್ತದೆ. ಹಾಗಾಗಿ ಕೂಪನ್ ಕೊಡಲು ಸಂಕೋಚ ಬೇಡ, ಅಂಗಡಿಗೆ ನಷ್ಟವಿಲ್ಲ. ಇನ್ನೊಂದು ಅಂಗಡಿಯದೇ ಕೂಪನ್. ಒಂದು ಸಾಮಾನಿಗೆ ಒಂದೇ ಕಂಪನಿ ಕೂಪನ್ ನಡೆಯುತ್ತದೆ, ಆದರೆ ಬಹಳ ಕಡೆ ಅದರ ಜೊತೆಗೆ ಅಂಗಡಿಯ ಕೂಪನ್ ಒಂದನ್ನು ಸೇರಿಸಬಹುದು. ಇದನ್ನೇ ಸ್ಟ್ಯಾಕಿಂಗ್ ಅನ್ನುತ್ತಾರೆ. 12 ಡಾಲರಿನ ಡಿಟರ್ಜೆಂಟ್ ಸೇಲ್‌ನಲ್ಲಿ 9ಕ್ಕೆ ಬಂತು ಅಂದುಕೊಳ್ಳಿ. ಅಂಗಡಿಯ 2 ಡಾಲರ್ ಕೂಪನ್, ಕಂಪನಿಯ 2 ಡಾಲರ್ ಕೂಪನ್ ಸೇರಿದರೆ 5ಕ್ಕೆ ಇಳಿಯಿತು. ಕೂಪನ್ ಬಂದ ದಿನವೇ ಓಡಬೇಡಿ. ಸಾಮಾನು ಸೇಲ್‌ಗೆ ಬರುವವರೆಗೆ ಕಾಯಿರಿ, ಕೊನೆಯ ದಿನಾಂಕದ ಮೇಲೆ ಒಂದು ಕಣ್ಣಿರಲಿ. ಅಷ್ಟೇ ಇದರ ವಿದ್ಯೆ.

ಟ್ಯಾಕ್ಸ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಕಂಪನಿ ಕೂಪನ್ ಕಳೆಯುವ ಮುಂಚಿನ ಬೆಲೆಗೆ ಟ್ಯಾಕ್ಸ್ ಹಾಕುತ್ತಾರೆ, ಯಾಕೆಂದರೆ ಅಂಗಡಿಗೆ ಪೂರ್ತಿ ದುಡ್ಡು ಬಂದೇ ಬರುತ್ತದಲ್ಲ. ಅಂಗಡಿಯದೇ ಕೂಪನ್ ಆದರೆ ಕಳೆದ ಮೇಲೆ ಉಳಿದ ಬೆಲೆಗೆ ಮಾತ್ರ. ಬಿಲ್ ಲೆಕ್ಕ ಸರಿಹೋಗಲಿಲ್ಲ ಅನಿಸಿದರೆ ಬಹುಶಃ ಕಾರಣ ಇದೇ.

ಕೂಪನ್ನಿನ ಸಣ್ಣ ಅಕ್ಷರದಲ್ಲಿ ಒಂದು ಪರ್ಚೇಸ್‌ಗೆ ಒಂದು ಅಂತಿದ್ದರೆ ಒಂದು ಸಾಮಾನಿಗೆ ಒಂದು ಅಂತ ಅರ್ಥ. ನಾಲ್ಕು ಶಾಂಪೂಗೆ ನಾಲ್ಕು ಕೂಪನ್ ಕೊಡಬಹುದು. ಒಂದು ಟ್ರಾನ್ಸಾಕ್ಷನ್‌ಗೆ ಒಂದು ಅಂತಿದ್ದರೆ ಇಡೀ ಬಿಲ್ಲಿಗೆ ಒಂದೇ. ನಗದು ಬೆಲೆ ಒಂದು ಸೆಂಟಿನ ನೂರನೇ ಒಂದು ಭಾಗ ಅಂತಲೂ ಅಚ್ಚಾಗಿರುತ್ತದೆ, ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಹಿಂದೆ ಅಂಗಡಿಗಳು ಖರೀದಿಯ ಜೊತೆ ಕೊಡುತ್ತಿದ್ದ, ಕೂಡಿಟ್ಟು ಉಡುಗೊರೆ ಪಡೆಯಬಹುದಾಗಿದ್ದ ಟ್ರೇಡಿಂಗ್ ಸ್ಟಾಂಪ್‌ಗಳ ಕಾಲದ ಕಾನೂನಿನ ಬಾಲ ಅದು.

ಭಾನುವಾರದ ಪೇಪರಿನಿಂದ ಕತ್ತರಿಸುವ ಕಾಲ ಮುಗಿಯುತ್ತಾ ಬಂದಿದೆ. ಈಗ ದೊಡ್ಡ ಅಂಗಡಿಗಳಾದ ಕ್ರೋಗರ್, ಸೇಫ್‌ವೇ, ಟಾರ್ಗೆಟ್ ಎಲ್ಲರದೂ ಆ್ಯಪ್. ಸದಸ್ಯತ್ವ ಉಚಿತ, ನಿಮ್ಮ ಫೋನ್ ನಂಬರೇ ಕಾರ್ಡು. ನೀವು ಏನು ಕೊಳ್ಳುತ್ತೀರಿ ಅನ್ನುವ ಮಾಹಿತಿ ಅವರಿಗೆ ಹೋಗುತ್ತದೆ, ರಿಯಾಯಿತಿ ಅದಕ್ಕೆ ಕೊಟ್ಟ ಬೆಲೆ. ಬಿಲ್ ಮಾಡಿಸುವ ಮುಂಚೆ ಆ್ಯಪ್‌ನಲ್ಲಿ ಕೂಪನ್ ಕ್ಲಿಪ್ ಮಾಡಿರಬೇಕು, ಅಂದರೆ ಅದನ್ನು ಒತ್ತಿ ನಿಮ್ಮ ಖಾತೆಗೆ ಸೇರಿಸಿಕೊಂಡಿರಬೇಕು, ಶೆಲ್ಫಿನಲ್ಲಿ ಬೆಲೆ ಕಂಡ ಮಾತ್ರಕ್ಕೆ ಸಿಗುವುದಿಲ್ಲ. ದೊಡ್ಡದಾಗಿ 1.99 ಅಂತ ಬರೆದು ಕೆಳಗೆ ಸಣ್ಣದಾಗಿ ಡಿಜಿಟಲ್ ಕೂಪನ್ ಇದ್ದರೆ ಮಾತ್ರ ಅಂತ ಹಾಕಿರುತ್ತಾರೆ. ಊರಿಂದ ಬಂದ ಅಪ್ಪ ಅಮ್ಮ ನಡೆದುಕೊಂಡು ಅಂಗಡಿಗೆ ಹೋಗಿ ಬಂದರೆ ಇಲ್ಲೇ ಜಾಸ್ತಿ ಕೊಟ್ಟು ಬರುವುದು. ಫೋನ್ ಬಳಸದ ಹಿರಿಯರಿಗೆ ಅನ್ಯಾಯ ಆಗುತ್ತದೆ ಅಂತ ಸ್ಯಾನ್ ಡಿಯಾಗೋ ನಗರ 2025ರಲ್ಲಿ ಒಂದು ನಿಯಮವನ್ನೇ ಮಾಡಿತು, ಡಿಜಿಟಲ್ ರಿಯಾಯಿತಿಯನ್ನು ಕಾಗದದಲ್ಲೂ ಕೊಡಬೇಕು ಅಂತ. ಬೇರೆ ಕಡೆ ಕಸ್ಟಮರ್ ಸರ್ವೀಸ್ ಕೌಂಟರಿನಲ್ಲಿ ವಿನಯವಾಗಿ ಕೇಳಿ ನೋಡಿ.

ಹತ್ತಕ್ಕೆ ಹತ್ತು ಡಾಲರ್ ಅಂತಿದ್ದರೆ ಸಾಮಾನ್ಯವಾಗಿ ಹತ್ತೂ ಕೊಳ್ಳಬೇಕಿಲ್ಲ, ಒಂದು ಕೊಂಡರೂ ಒಂದೇ ಡಾಲರ್. ಇಷ್ಟು ಕೊಳ್ಳಲೇಬೇಕು ಅಂತ ಬರೆದಿದ್ದರೆ ಮಾತ್ರ ಬೇರೆ ಮಾತು. ಸೇಲ್ ಸಾಮಾನು ಖಾಲಿಯಾಗಿದ್ದರೆ ರೈನ್ ಚೆಕ್ ಕೇಳಿ. ಆ ಚೀಟಿ ಇದ್ದರೆ ಸ್ಟಾಕ್ ಬಂದ ಮೇಲೂ ಸೇಲ್ ಬೆಲೆಗೇ ಕೊಡುತ್ತಾರೆ. ಸಿವಿಎಸ್‌ನಂಥ ಔಷಧಿ ಅಂಗಡಿಗಳಲ್ಲಿ ಬಿಲ್ಲಿನ ಜೊತೆ ಮಾರುದ್ದ ಕೂಪನ್ ಬರುತ್ತದೆ. ಅಲ್ಲಿ ಮೂಲ ಬೆಲೆಯೇ ಜಾಸ್ತಿ, ಕೂಪನ್‌ಗೂ ಬೇಗ ಅವಧಿ ಮುಗಿಯುತ್ತದೆ. ಬೇಡದ ಸಾಮಾನು ಮನೆಗೆ ಬರುವುದು ಹೀಗೇ.

ಮಗು ಬರುವ ಮನೆಯವರು ಟಾರ್ಗೆಟ್‌ನಲ್ಲಿ ಬೇಬಿ ರಿಜಿಸ್ಟ್ರಿ, ಅಂದರೆ ನೆಂಟರಿಷ್ಟರು ಉಡುಗೊರೆ ಕೊಡಲೆಂದು ಮಗುವಿಗೆ ಬೇಕಾದ ಸಾಮಾನಿನ ಪಟ್ಟಿ, ಮಾಡಿಸಿ. ಪಟ್ಟಿಯಲ್ಲಿ ಉಳಿದ ಸಾಮಾನಿಗೆ 15 ಶೇಕಡಾ ಕೂಪನ್ ಸಿಗುತ್ತದೆ. ಮಗುವಿನ ಹಾಲಿನ ಪುಡಿ (ಫಾರ್ಮುಲಾ) ಬಿಟ್ಟರೆ ಬೇರೆ ಆಹಾರದ ಮೇಲೆ ದಿನಾಂಕ ಹಾಕಬೇಕು ಅಂತ ಇಲ್ಲಿ ಕೇಂದ್ರದ ಕಾನೂನು ಇಲ್ಲ. ಬೆಸ್ಟ್ ಬೈ ಅನ್ನುವುದು ರುಚಿಯ ಲೆಕ್ಕ. ಹಾಗಾಗಿ ದಿನಾಂಕ ಹತ್ತಿರ ಬಂತು ಅಂತ ಅರ್ಧ ಬೆಲೆಗೆ ಇಟ್ಟ ಬ್ರೆಡ್, ಮೊಸರನ್ನು ಧಾರಾಳವಾಗಿ ತನ್ನಿ. ಮಗುವಿನ ಹಾಲಿನ ಪುಡಿಯಲ್ಲಿ ಮಾತ್ರ ದಿನಾಂಕ ದಾಟಿದ್ದು ಮುಟ್ಟಬೇಡಿ.

ಹುಷಾರಾಗಿರಬೇಕಾದ ಜಾಗ

ವಾಟ್ಸಾಪ್, ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಕಳಿಸಿದ ಕೂಪನ್ ಬಾರ್‌ಕೋಡ್ ಬಳಸಬೇಡಿ. 25 ಡಾಲರಿನ ಸಾಮಾನಿಗೆ 24 ಡಾಲರ್ ಕೂಪನ್ ಇದ್ದರೆ ಅದು ನಕಲಿಯೇ. ನಕಲಿ ಕೂಪನ್ ಮಾಡಿ ಮಾರಿದ ವರ್ಜೀನಿಯಾದ ಒಬ್ಬ ಮಹಿಳೆಗೆ 2021ರಲ್ಲಿ 12 ವರ್ಷ ಜೈಲಾಯಿತು. ಸೆಲ್ಫ್ ಚೆಕ್‌ಔಟ್‌ನಲ್ಲೂ ಅಷ್ಟೇ, ಗಾಡಿಯ ತಳದಲ್ಲಿಟ್ಟ ಅಕ್ಕಿ ಚೀಲ ಸ್ಕ್ಯಾನ್ ಆಯಿತಾ ಅಂತ ಎರಡು ಸಲ ನೋಡಿ. ವೀಸಾದಲ್ಲಿ ಇರುವವರಿಗೆ ಕಳ್ಳತನದ ಕೇಸು ದಂಡ ಕಟ್ಟಿದರೆ ಮುಗಿಯುವ ವಿಷಯ ಅಲ್ಲ, ವೀಸಾ, ಗ್ರೀನ್ ಕಾರ್ಡ್‌ಗೇ ಕುತ್ತಾಗಬಹುದು.

ತಪ್ಪು ಅವರ ಕಡೆಯಿಂದಲೂ ಆಗುತ್ತದೆ. ಶೆಲ್ಫಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬರುವುದು ಅಪರೂಪವೇನಲ್ಲ. ಬಾಗಿಲು ದಾಟುವ ಮುಂಚೆ ಬಿಲ್ ಓದಿ, ಕೌಂಟರಿಗೆ ಹೋಗಿ ಕೇಳಿ, ತಕರಾರಿಲ್ಲದೆ ಸರಿಮಾಡುತ್ತಾರೆ. ಡೆಟ್ರಾಯಿಟ್ ಕಡೆ ಇರುವವರಿಗೆ ಇದರಲ್ಲಿ ಇನ್ನೂ ಅನುಕೂಲ. ಮಿಷಿಗನ್ ಕಾನೂನಿನ ಪ್ರಕಾರ, ಶೆಲ್ಫಿನ ಬೆಲೆಗಿಂತ ಸ್ಕ್ಯಾನರ್ ಜಾಸ್ತಿ ತೆಗೆದುಕೊಂಡಿದ್ದರೆ ವ್ಯತ್ಯಾಸ ವಾಪಸ್ ಕೇಳಬಹುದು. ಅದರ ಮೇಲೆ ವ್ಯತ್ಯಾಸದ ಹತ್ತು ಪಟ್ಟು ಪರಿಹಾರವನ್ನೂ ಕೇಳಬಹುದು, ಕನಿಷ್ಠ ಒಂದು ಡಾಲರ್, ಗರಿಷ್ಠ ಐದು. ಅದಕ್ಕೆ 30 ದಿನದ ಗಡುವು ಇದೆ, ಬಿಲ್ ಎಸೆಯಬೇಡಿ.